ಕಾಲರಾ ಹಬ್ಬಿದಾಗ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಬೀದಿಯ ನಾಲ್ಕು ಮನೆಗಳಲ್ಲಿ ವಾಂತಿಭೇದಿ ಶುರುವಾದರೆ ಊರೆಲ್ಲ ಗಾಬರಿಯಾಗುತ್ತದೆ. ನೀರು ಕುಡಿಯಬಹುದಾ, ಶಾಲೆ ಮುಚ್ಚಬೇಕಾ, ಲಸಿಕೆ ಎಲ್ಲಿ ಸಿಗುತ್ತೆ ಎಂದು ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು ಮತ್ತು ತಾಯಂದಿರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಯಾಕೆಂದರೆ ಅಲ್ಲೇ ಜೀವ ಉಳಿಯುವುದು.

ಕಾಲರಾಕ್ಕೂ ಸಾದಾ ಭೇದಿಗೂ ಏನು ವ್ಯತ್ಯಾಸ?

ಕಾಲರಾ ಬರುವುದು ವಿಬ್ರಿಯೊ ಕಾಲರೇ ಎಂಬ ಬ್ಯಾಕ್ಟೀರಿಯಾದಿಂದ. ಅದು ಕರುಳಿಗೆ ಅಂಟಿಕೊಂಡು ಒಂದು ವಿಷ ಬಿಡುತ್ತದೆ. ಆ ವಿಷ ಇದೆ ಎಂದು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ವಿಜ್ಞಾನಿ ಶಂಭುನಾಥ್ ಡೇ. ವಿಷ ತಗುಲಿದ ಕರುಳು ಮೈಯ ನೀರನ್ನೂ ಉಪ್ಪನ್ನೂ ಒಂದೇ ಸಮನೆ ಹೊರಗೆ ಸುರಿಯುತ್ತದೆ. ಭೇದಿ ಅಕ್ಕಚ್ಚಿನ ಹಾಗೆ ತೆಳ್ಳಗೆ, ಬೆಳ್ಳಗೆ ಹೋಗುತ್ತದೆ. ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಕಾಯಿಲೆ ಜೋರಾದರೆ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆ ಹೊತ್ತಿಗೆ ಕಣ್ಣು ಗುಳಿಬಿದ್ದು, ದನಿ ಉಡುಗಿ, ಕೈಬೆರಳು ಸುಕ್ಕುಗಟ್ಟಿ ಮಲಗಿರುತ್ತಾರೆ.

ರೋಗಾಣು ಹೊಟ್ಟೆಗೆ ಹೋದ ಮೇಲೆ ಕೆಲವು ಗಂಟೆಗಳಿಂದ 5 ದಿನದೊಳಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸೋಂಕು ತಗುಲಿದ ಬಹುತೇಕ ಜನರಿಗೆ ಏನೂ ಆಗುವುದಿಲ್ಲ, ಅಥವಾ ಸ್ವಲ್ಪ ಭೇದಿಯಾಗಿ ನಿಲ್ಲುತ್ತದೆ. ಆದರೆ ಅವರ ಮಲದಲ್ಲೂ 1ರಿಂದ 10 ದಿನ ರೋಗಾಣು ಹೋಗುತ್ತಿರುತ್ತದೆ. ಹಾಗಾಗಿ ಕಾಯಿಲೆ ಬಿದ್ದವರನ್ನು ಮಾತ್ರ ನೋಡಿಕೊಂಡರೆ ಕಾಲರಾ ನಿಲ್ಲುವುದಿಲ್ಲ.

ಕಾಲರಾ ಬಂದರೆ ಸಾಯುವುದು ಖಂಡಿತವಾ?

ಖಂಡಿತ ಅಲ್ಲ. ಸರಿಯಾದ ಹೊತ್ತಿಗೆ ನೀರು ಮತ್ತು ಉಪ್ಪು ಮೈಗೆ ಸೇರಿದರೆ 100 ರೋಗಿಗಳಲ್ಲಿ ಒಬ್ಬರೂ ಸಾಯಬೇಕಾಗಿಲ್ಲ. ಜೋರಾಗಿ ಬಿದ್ದವರನ್ನು ಹಾಗೇ ಬಿಟ್ಟರೆ ಅರ್ಧಕ್ಕರ್ಧ ಜನ ಸಾಯಬಹುದು.

ಎರಡು ಜಾಗಗಳ ಕಥೆ ಹೇಳುತ್ತೇನೆ. 1991ರಲ್ಲಿ ಪೆರು ದೇಶಕ್ಕೆ ಕಾಲರಾ ಬಂತು. ಒಂದೇ ವರ್ಷದಲ್ಲಿ 3 ಲಕ್ಷಕ್ಕೂ ಹೆಚ್ಚು ಜನರಿಗೆ ತಗುಲಿತು. ಸತ್ತವರು 3 ಸಾವಿರದ ಒಳಗೆ, ಅಂದರೆ 100ಕ್ಕೆ ಒಬ್ಬರಿಗಿಂತ ಕಡಿಮೆ. ಅಲ್ಲಿ ಓಆರ್‌ಎಸ್, ಅಂದರೆ ಅಳತೆಯಲ್ಲಿ ಉಪ್ಪು ಸಕ್ಕರೆ ಬೆರೆಸಿ ಕುಡಿಸುವ ನೀರು, ಜನರಿಗೆ ಗೊತ್ತಿತ್ತು, ಆರೋಗ್ಯ ಕೇಂದ್ರಗಳು ತೆರೆದಿದ್ದವು. ಮೂರು ವರ್ಷದ ನಂತರ, 1994ರ ಜುಲೈನಲ್ಲಿ, ರುವಾಂಡಾದ ನರಮೇಧದ ಬೆನ್ನಲ್ಲೇ ಲಕ್ಷಾಂತರ ಜನ ಗಡಿ ದಾಟಿ ಪಕ್ಕದ ಕಾಂಗೋ (ಆಗಿನ ಜೈರ್) ದೇಶದ ಗೋಮಾ ಪಟ್ಟಣದ ಸುತ್ತ ಬಂದು ನಿಂತರು. ಅಲ್ಲಿನ ನೆಲ ಜ್ವಾಲಾಮುಖಿಯ ಗಟ್ಟಿ ಕಲ್ಲು. ಶೌಚದ ಗುಂಡಿಯನ್ನೂ ತೋಡಲಾಗಲಿಲ್ಲ. ಕುಡಿಯಲು ಕೆರೆಯ ನೀರೇ ಗತಿ. ಒಂದು ತಿಂಗಳಲ್ಲಿ ಕಾಲರಾ ಮತ್ತು ರಕ್ತಭೇದಿ ಸೇರಿ ಸುಮಾರು 50 ಸಾವಿರ ಜನ ಹೋದರು.

ಎರಡೂ ಕಡೆ ಬಂದದ್ದು ಕಾಲರಾವೇ. ಆದರೆ ರೋಗಿಯಿಂದ ಓಆರ್‌ಎಸ್ ಎಷ್ಟು ದೂರದಲ್ಲಿತ್ತು, ಮಲದಿಂದ ಕುಡಿಯುವ ನೀರು ಎಷ್ಟು ದೂರದಲ್ಲಿತ್ತು ಎಂಬ ಎರಡು ಅಳತೆಗಳು ಬೇರೆಯಾಗಿದ್ದವು. ಮೊದಲನೆಯದು ಹತ್ತಿರ ಇರಬೇಕು, ಎರಡನೆಯದು ದೂರ ಇರಬೇಕು. ಮುಂದಿನ ಉತ್ತರಗಳೆಲ್ಲ ಈ ಎರಡು ದೂರಗಳ ಸುತ್ತಲೇ ಬರುತ್ತವೆ.

ಬರೀ ಉಪ್ಪು ಸಕ್ಕರೆ ನೀರು ಜೀವ ಉಳಿಸುತ್ತದೆ ಎಂದರೆ ನಂಬುವುದು ಹೇಗೆ?

ಇದನ್ನು ವಿದ್ಯಾವಂತರೂ ಕೇಳುತ್ತಾರೆ. ಡ್ರಿಪ್ ಹಾಕಿದರಷ್ಟೇ ಚಿಕಿತ್ಸೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೇ ಬನಗಾಂವ್‌ನ ಕಥೆ ಹೇಳಬೇಕು.

1971ರಲ್ಲಿ ಬಾಂಗ್ಲಾ ವಿಮೋಚನೆಯ ಹೊತ್ತು. ಪೂರ್ವ ಪಾಕಿಸ್ತಾನದಿಂದ ಲಕ್ಷ ಲಕ್ಷ ಜನ ಪಶ್ಚಿಮ ಬಂಗಾಳಕ್ಕೆ ಬರುತ್ತಿದ್ದರು. ಗಡಿಯ ಊರು ಬನಗಾಂವ್‌ನಲ್ಲಿ ಕಾಲರಾ ಶುರುವಾಯಿತು. ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಜಾಗ ಸಾಲದೆ ರೋಗಿಗಳನ್ನು ನೆಲದ ಮೇಲೆ ಮಲಗಿಸಿದ್ದರು. ವಾಂತಿ ಭೇದಿಯ ನಡುವೆಯೇ ಮೊಣಕಾಲೂರಿ ಡ್ರಿಪ್ ಚುಚ್ಚಬೇಕಿತ್ತು. ಅಲ್ಲಿದ್ದ ಮಕ್ಕಳ ವೈದ್ಯ ಡಾ. ದಿಲೀಪ್ ಮಹಲನಬೀಸ್ ಅವರ ಡ್ರಿಪ್ ಬಾಟಲಿಗಳೂ ಮುಗಿಯುತ್ತಾ ಬಂದವು.

ಬಾಯಿಂದ ಕುಡಿಸುವ ದ್ರಾವಣದ ಮೇಲೆ ಢಾಕಾ ಮತ್ತು ಕೋಲ್ಕತ್ತದಲ್ಲಿ ಆಗಲೇ ಸಂಶೋಧನೆ ನಡೆದಿತ್ತು. ಆದರೆ ಅದು ನಡೆದದ್ದು ಆಸ್ಪತ್ರೆಯೊಳಗೆ, ತರಬೇತಾದವರ ಕೈಯಲ್ಲಿ. ಮಹಲನಬೀಸ್ ಅದನ್ನು ಶಿಬಿರಕ್ಕೇ ತಂದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕೋಲ್ಕತ್ತದಲ್ಲಿ ತೂಗಿ ಪೊಟ್ಟಣ ಕಟ್ಟಿಸಿದರು. ಶಿಬಿರದಲ್ಲಿ ಅದನ್ನು ಡ್ರಮ್ಮುಗಳಲ್ಲಿ ಕಲಸಿ, ನಲ್ಲಿ ಕೂರಿಸಿ ಇಟ್ಟರು. ರೋಗಿಯ ಅಮ್ಮನೋ ಅಣ್ಣನೋ ಹೆಂಡತಿಯೋ ಲೋಟದಲ್ಲಿ ಹಿಡಿದು ತಂದು ಕುಡಿಸುತ್ತಿದ್ದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಕುಡಿಸಿದವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಈ ಸಂಗತಿ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮಹಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಪದ್ಮವಿಭೂಷಣ ಬಂತು.

ಇದು ಕೆಲಸ ಮಾಡುವ ಬಗೆ ಸರಳವಾಗಿದೆ. ಕಾಲರಾದ ವಿಷ ಕರುಳಿನಿಂದ ಉಪ್ಪು ನೀರು ಹೊರಗೆ ಹೋಗುವ ಬಾಗಿಲನ್ನು ಪೂರ್ತಿ ತೆರೆದುಬಿಡುತ್ತದೆ. ಆದರೆ ಸಕ್ಕರೆ ಒಳಗೆ ಬರುವ ಬಾಗಿಲು ಕೆಟ್ಟಿರುವುದಿಲ್ಲ. ಸಕ್ಕರೆ ಒಳಗೆ ಬರುವಾಗ ಉಪ್ಪನ್ನು ಕೈಹಿಡಿದು ಕರೆತರುತ್ತದೆ. ಉಪ್ಪಿನ ಹಿಂದೆ ನೀರೂ ಬರುತ್ತದೆ. ಹಾಗಾಗಿ ಎರಡೂ ಬೇಕು, ಅದೂ ಅಳತೆಯಲ್ಲಿ.

ಓಆರ್‌ಎಸ್ ಪ್ಯಾಕೆಟ್ ಸಿಗದಿದ್ದರೆ ಏನು ಮಾಡಬೇಕು? ಎಷ್ಟು ಕುಡಿಸಬೇಕು?

ಒಂದು ಲೀಟರ್ ಕುದಿಸಿ ಆರಿಸಿದ ನೀರು, 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ತಲೆ ಸಮ ಮಾಡಿ ಅಳೆಯಿರಿ. ಉಪ್ಪು ಜಾಸ್ತಿಯಾದರೆ ಮಕ್ಕಳಿಗೆ ಅಪಾಯ. ಉಪ್ಪು ಹಾಕಿದ ತೆಳು ಗಂಜಿಯೂ ಒಳ್ಳೆಯದು. ಎಳನೀರು, ಮಜ್ಜಿಗೆ ಜೊತೆಗೆ ಕೊಡಬಹುದು. ಆದರೆ ಎಳನೀರಿನಲ್ಲಿ ಸೋಡಿಯಂ ಕಡಿಮೆ, ಕಾಲರಾಕ್ಕೆ ಅದೊಂದೇ ಸಾಲದು.

ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, 2ರಿಂದ 10 ವರ್ಷದವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಕುಡಿದಷ್ಟೂ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಶುರುಮಾಡಿ. ಎದೆಹಾಲು ನಿಲ್ಲಿಸಲೇಬೇಡಿ. ಕಲಸಿದ ಓಆರ್‌ಎಸ್ 24 ಗಂಟೆ ದಾಟಿದರೆ ಚೆಲ್ಲಿಬಿಡಿ.

ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ತಿಳಿಯಬೇಡಿ. ಅವುಗಳಲ್ಲಿ ಸಕ್ಕರೆ ವಿಪರೀತ, ಭೇದಿ ಇನ್ನೂ ಜಾಸ್ತಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿದೆ. ಪೊಟ್ಟಣದ ಮೇಲೆ ಆ ಸೂತ್ರದ ಉಲ್ಲೇಖ ಇದೆಯಾ ನೋಡಿ ತಗೊಳ್ಳಿ.

ಹಾಗಾದರೆ ಡ್ರಿಪ್ ಯಾವಾಗ ಬೇಕು?

ಮಂಪರು ಬಂದರೆ, ಕುಡಿಯಲು ಆಗದಿದ್ದರೆ, ಕಣ್ಣು ಗುಳಿಬಿದ್ದರೆ, ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ ತಡಮಾಡಬೇಡಿ. ಅಂಥವರಿಗೆ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣ ಬೇಗ ಬೇಗ ಹೋಗಬೇಕು. 50 ಕೆಜಿ ತೂಕದ ದೊಡ್ಡವರಿಗೆ ಮೊದಲ 3 ಗಂಟೆಯಲ್ಲಿ 5 ಲೀಟರ್. ಅದರಲ್ಲೂ ಒಂದೂವರೆ ಲೀಟರ್ ಮೊದಲ ಅರ್ಧ ಗಂಟೆಯಲ್ಲೇ. ಹೊಸದಾಗಿ ಕಾಲರಾ ನೋಡುವ ಸಿಬ್ಬಂದಿಗೆ ಇಷ್ಟು ವೇಗವಾಗಿ ಕೊಡಲು ಭಯವಾಗುತ್ತದೆ, ಒಂದು ಬಾಟಲಿಯನ್ನು ಹನಿ ಹನಿಯಾಗಿ ಬಿಟ್ಟು ಕೂರುತ್ತಾರೆ. ಅದು ಸಾಲದು. ಆಸ್ಪತ್ರೆಗೆ ಹೋಗುವ ದಾರಿಯಲ್ಲೂ, ಎಚ್ಚರ ಇರುವವರೆಗೆ, ಓಆರ್‌ಎಸ್ ಕುಡಿಸುತ್ತಲೇ ಇರಿ.

ಭೇದಿ ಕಟ್ಟುವ ಮಾತ್ರೆ ಬೇಡ. ಮಕ್ಕಳಿಗೆ ಜಿಂಕ್ ಮಾತ್ರೆ ಕೊಡಬೇಕು. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ.

ಮುಂಜಾಗ್ರತೆಗೆ ಊರಿಗೆಲ್ಲ ಆ್ಯಂಟಿಬಯೋಟಿಕ್ ಹಂಚಬಹುದಲ್ವಾ?

ಬೇಡ. ಹಂಚಿ ಮುಗಿಸುವಷ್ಟರಲ್ಲಿ ರೋಗ ಮುಂದೆ ಹೋಗಿರುತ್ತದೆ. ಮದ್ದಿಗೆ ಬಗ್ಗದ ತಳಿ ಬೆಳೆಯುತ್ತದೆ. ತೀವ್ರವಾಗಿ ಬಿದ್ದವರಿಗೆ ಮಾತ್ರ ವೈದ್ಯರು ಕೊಡುತ್ತಾರೆ.

ಕಾಲರಾ ಎಂದು ಗಟ್ಟಿಯಾಗುವುದು ಹೇಗೆ? ಲ್ಯಾಬ್ ವರದಿ ಬರುವವರೆಗೆ ಕಾಯಬೇಕಾ?

ಮಲದ ಮಾದರಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದಾಗ ಗಟ್ಟಿಯಾಗುತ್ತದೆ. ಆ್ಯಂಟಿಬಯೋಟಿಕ್ ಕೊಡುವ ಮೊದಲೇ ಮಾದರಿ ತೆಗೆದುಕೊಳ್ಳುವುದು ಒಳ್ಳೆಯದು. ವರದಿಗೆ ಒಂದೆರಡು ದಿನ ಹಿಡಿಯುತ್ತದೆ.

ಅಷ್ಟು ಹೊತ್ತು ಯಾರೂ ಕಾಯಬಾರದು. ದೊಡ್ಡವರೊಬ್ಬರು ಬರೀ ನೀರಿನಂಥ ಭೇದಿಯಿಂದ ಒಂದೇ ದಿನದಲ್ಲಿ ಬಸವಳಿದು ಬಿದ್ದರೆ ಅಥವಾ ಸತ್ತರೆ, ಅದನ್ನು ಕಾಲರಾ ಎಂದೇ ಶಂಕಿಸಿ ಕೆಲಸ ಶುರುಮಾಡಬೇಕು. ಆಮೇಲೆ ಅಲ್ಲ ಎಂದಾದರೆ ಏನು ಹೋಯಿತು? ನೀರಿಗೆ ಕ್ಲೋರಿನ್ ಹಾಕಿದ್ದು, ಓಆರ್‌ಎಸ್ ಹಂಚಿದ್ದು ವ್ಯರ್ಥವಾಗುವುದಿಲ್ಲ.

ಆರೋಗ್ಯ ತಂಡ ಬಂದ ಮೊದಲ ಎರಡು ದಿನ ಏನು ಮಾಡಬೇಕು?

ಬಂದವರು ಮೊದಲು ಚಿಕಿತ್ಸೆಯನ್ನು ಬೀದಿಗೆ ತರಬೇಕು. ದೊಡ್ಡ ಆಸ್ಪತ್ರೆ 30 ಕಿಲೋಮೀಟರ್ ದೂರ ಇದ್ದರೆ ಅದು ಇದ್ದೂ ಇಲ್ಲದಂತೆ. ಅಂಗನವಾಡಿಯಲ್ಲೋ ಸಮುದಾಯ ಭವನದಲ್ಲೋ ಓಆರ್‌ಎಸ್ ಕುಡಿಸುವ ಜಾಗ ತೆರೆಯಬೇಕು, ರಾತ್ರಿಯೂ ಯಾರಾದರೂ ಇರಬೇಕು. ಜೋರಾಗಿ ಬಿದ್ದವರನ್ನು ಸಾಗಿಸಲು ಗಾಡಿ ಅಲ್ಲೇ ನಿಂತಿರಬೇಕು. ರೋಗಿಗಳು ಜಾಸ್ತಿಯಾದರೆ ಶಾಲೆಯೊಂದನ್ನು ಕಾಲರಾ ಚಿಕಿತ್ಸಾ ಕೇಂದ್ರ ಮಾಡುತ್ತಾರೆ. ಅಲ್ಲಿನ ಮಂಚಗಳಿಗೆ ನಡುವೆ ತೂತು ಇರುತ್ತದೆ, ಕೆಳಗೆ ಬಕೆಟ್. ನೋಡಲು ಕಷ್ಟ, ಆದರೆ ಬಕೆಟ್‌ನಲ್ಲಿ ಎಷ್ಟು ಹೋಗಿದೆಯೋ ಅಷ್ಟನ್ನು ಮೈಗೆ ಮರಳಿ ತುಂಬಬೇಕು ಎಂಬ ಲೆಕ್ಕ ಅಲ್ಲೇ ಸಿಗುತ್ತದೆ.

ಅದೇ ಹೊತ್ತಿಗೆ ಇನ್ನೊಂದು ತಂಡ ಮನೆ ಮನೆ ತಿರುಗಬೇಕು. ಯಾರಿಗೆ, ಯಾವಾಗ ಶುರುವಾಯಿತು, ಯಾವ ನೀರು ಕುಡಿದರು, ಎಲ್ಲಿ ಊಟ ಮಾಡಿದರು? ಊರಿನ ನಕ್ಷೆಯ ಮೇಲೆ ಚುಕ್ಕೆ ಇಡುತ್ತಾ ಹೋದರೆ ಎಷ್ಟೋ ಸಲ ಅರ್ಧ ದಿನದಲ್ಲೇ ಒಂದು ವಾಲ್ವೋ ಒಂದು ಬೋರ್‌ವೆಲ್ಲೋ ಎದ್ದು ಕಾಣುತ್ತದೆ. 1854ರಲ್ಲಿ ಲಂಡನ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ ಡಾ. ಜಾನ್ ಸ್ನೋ ಮಾಡಿದ್ದೂ ಇದನ್ನೇ. ಸತ್ತವರ ಮನೆಗಳು ಒಂದು ಕೈಪಂಪಿನ ಸುತ್ತ ಗುಂಪಾಗಿರುವುದನ್ನು ಅವರು ತೋರಿಸಿದರು. ಪಂಪಿನ ಹಿಡಿಕೆ ಕಳಚಿದರು. ರೋಗಾಣುವನ್ನು ಆಗ ಬಹುತೇಕ ಯಾರೂ ಒಪ್ಪಿರಲಿಲ್ಲ. ಮೂಲ ಹುಡುಕಲು ಅದೇನೂ ಅಡ್ಡಿಯಾಗಲಿಲ್ಲ.

ನೀರುಗಂಟಿಯನ್ನು ತಂಡದ ಜೊತೆ ಕರೆದುಕೊಂಡು ಹೋಗಿ ಎನ್ನುವುದು ನನ್ನ ಖಾಸಾ ಸಲಹೆ. ಯಾವ ಪೈಪ್ ಎಲ್ಲಿ ಒಡೆದಿದೆ, ಎಲ್ಲಿ ಚರಂಡಿಯೊಳಗೆ ಹಾದುಹೋಗಿದೆ ಎಂದು ಎಂಜಿನಿಯರ್‌ಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ತಪ್ಪು ತಲೆಗೆ ಬರುತ್ತದೆಂಬ ಭಯ ಇಲ್ಲದಂತೆ ಕೇಳಿದರೆ ಹೇಳುತ್ತಾರೆ.

ದೊಡ್ಡ ಪ್ರಮಾಣದ ಕಾಲರಾವನ್ನು ಯಾವ ದೇಶವಾದರೂ ನಿಲ್ಲಿಸಿದೆಯಾ?

ಹೈಟಿ ನಿಲ್ಲಿಸಿತ್ತು. ಆಮೇಲೆ ಅದು ಮರಳಿ ಬಂತು. ಎರಡೂ ಪಾಠಗಳೇ.

2010ರ ಜನವರಿಯ ಭೂಕಂಪ ಆ ಪುಟ್ಟ ದೇಶವನ್ನು ನೆಲಕ್ಕೆ ಕೆಡವಿತ್ತು. ರೋಗ ಬಂದರೆ ರಾಜಧಾನಿಯ ಡೇರೆಗಳಲ್ಲಿ ಬರುತ್ತದೆ ಎಂದು ಎಲ್ಲರೂ ಅತ್ತಲೇ ನೋಡುತ್ತಿದ್ದರು. ಅದು ಬಂದದ್ದು ಹಳ್ಳಿಗಾಡಿನ ಹೊಳೆಯಲ್ಲಿ. ಅಕ್ಟೋಬರ್‌ನಲ್ಲಿ ಆರ್ಟಿಬೊನೈಟ್ ನದಿ ಕಣಿವೆಯ ಜನ ಸಾಲು ಸಾಲಾಗಿ ಬೀಳತೊಡಗಿದರು. ನದಿಯ ಮೇಲ್ಭಾಗದ ಒಂದು ಉಪನದಿಯ ಪಕ್ಕ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರ ಇತ್ತು. ಆಗಷ್ಟೇ ನೇಪಾಳದಿಂದ ತುಕಡಿ ಬಂದಿತ್ತು. ಶಿಬಿರದ ಶೌಚದ ನೀರು ಹೊಳೆಗೆ ಸೇರುತ್ತಿತ್ತು. ಹೈಟಿಯ ರೋಗಾಣು ನೇಪಾಳದ ರೋಗಾಣುವಿಗೆ ಹೊಂದುತ್ತದೆ ಎಂದು ಮುಂದೆ ಜೀನ್ ಪರೀಕ್ಷೆಗಳು ತೋರಿಸಿದವು. ವಿಶ್ವಸಂಸ್ಥೆಯ ಮುಖ್ಯಸ್ಥ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ, ಆರು ವರ್ಷದ ಮೇಲೆ. ಅಷ್ಟು ತಡ ಆಗಬಾರದಿತ್ತು. ಒಟ್ಟು 8 ಲಕ್ಷಕ್ಕೂ ಹೆಚ್ಚು ಜನರಿಗೆ ರೋಗ ತಗುಲಿತು, ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು.

ನಿಲ್ಲಿಸಿದ್ದು ಹೇಗೆ? 2013ರಿಂದ ಅಲ್ಲಿ ಜಿಲ್ಲೆ ಜಿಲ್ಲೆಗೂ ಧಾವಿಸಿ ಹೋಗುವ ತಂಡಗಳನ್ನು ಕಟ್ಟಿದರು. ಒಬ್ಬ ರೋಗಿ ದಾಖಲಾದರೆ ಸಾಕು, 48 ಗಂಟೆಯೊಳಗೆ ತಂಡ ಅವರ ಮನೆ ಬಾಗಿಲಲ್ಲಿ ಇರಬೇಕು. ಆ ಮನೆ, ಸುತ್ತಲ ಮನೆಗಳಿಗೆಲ್ಲ ಕ್ಲೋರಿನ್ ಮಾತ್ರೆ, ಸೋಪು, ಓಆರ್‌ಎಸ್ ಕೊಡುತ್ತಿದ್ದರು. ನೀರು ಹಿಡಿಯುವ ಜಾಗದಲ್ಲೇ ಒಬ್ಬರು ನಿಂತು ಕೊಡಕೊಡಕ್ಕೂ ಕ್ಲೋರಿನ್ ಹಾಕುತ್ತಿದ್ದರು. ಇಡೀ ಜಿಲ್ಲೆಗೆ ಒಂದಿಷ್ಟು ಕರಪತ್ರ ಹಂಚುವುದಕ್ಕಿಂತ ರೋಗಿಯ ಸುತ್ತಲ ಆ ಹತ್ತಾರು ಮನೆಗಳಲ್ಲಿ ಗಟ್ಟಿಯಾಗಿ ಕೆಲಸ ಮಾಡುವುದು ಹೆಚ್ಚು ಫಲ ಕೊಟ್ಟಿತು. ಬೇಗ ಹೋದಷ್ಟೂ ರೋಗ ಬೇಗ ತಣ್ಣಗಾಯಿತು. 2019ರ ಫೆಬ್ರವರಿಯ ನಂತರ ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಖಚಿತಪಟ್ಟ ಒಂದು ರೋಗಿಯೂ ಸಿಗಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಮತ್ತೆ ಬಂತು. ಅದಕ್ಕೆ ಸ್ವಲ್ಪ ಮೊದಲು ಶಸ್ತ್ರಧಾರಿ ಗುಂಪುಗಳು ರಾಜಧಾನಿಯ ಇಂಧನ ಟರ್ಮಿನಲ್ ಅನ್ನು ಮುತ್ತಿಗೆ ಹಾಕಿದ್ದವು. ಡೀಸೆಲ್ ಇಲ್ಲದೆ ನೀರಿನ ಸರಬರಾಜು ನಿಂತಿತು, ಆಸ್ಪತ್ರೆಗಳು ಸೊರಗಿದವು. ಓಡಿ ಓಡಿ ನಂದಿಸಿದ ಬೆಂಕಿಯ ಕೆಳಗೆ ಹೊಸ ಪೈಪು, ಹೊಸ ಶೌಚಾಲಯ ಬಂದಿರಲಿಲ್ಲ.

ನಲ್ಲಿ ನೀರು ಮೇಲಿಂದ ಶುದ್ಧವಾಗೇ ಬರುತ್ತೆ, ಮನೆಗೆ ಬರುವಷ್ಟರಲ್ಲಿ ಕೆಡುವುದು ಹೇಗೆ?

ಪೈಪಿನಲ್ಲಿ ನೀರು ತುಂಬಿ ಹರಿಯುವಾಗ ಒತ್ತಡ ಒಳಗಿಂದ ಹೊರಗಿರುತ್ತದೆ. ತೂತು ಇದ್ದರೆ ನೀರು ಹೊರಗೆ ಸೋರುತ್ತದೆ, ಅಷ್ಟೇ. ನೀರು ನಿಲ್ಲಿಸಿದ ಕೂಡಲೇ ಪೈಪ್ ಬರಿದಾಗಿ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಒಳಚರಂಡಿ ಸೋರುತ್ತಿದ್ದರೆ ಅದೇ ಒಳಗೆ ಬರುತ್ತದೆ. ಮರುದಿನವೋ ಮೂರು ದಿನಕ್ಕೋ ನೀರು ಬಿಟ್ಟಾಗ ಮೊದಲ ಕೊಡಗಳಲ್ಲಿ ಅದು ನಿಮ್ಮ ಮನೆಗೆ. ಕೆಲವರು ನೇರ ಪೈಪಿಗೆ ಮೋಟಾರ್ ಹಚ್ಚುತ್ತಾರಲ್ಲ, ಅದರಿಂದ ಈ ಎಳೆತ ಇನ್ನೂ ಹೆಚ್ಚುತ್ತದೆ.

ಇದಕ್ಕೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ಸಾಕ್ಷಿ ಇದೆ. ಅಲ್ಲಿ ಕೆಲವು ವಾರ್ಡುಗಳಿಗೆ ಹೊಸ ಪೈಪ್ ಹಾಕಿ 24 ಗಂಟೆ ನೀರು ಕೊಟ್ಟಾಗ, ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳ ನಲ್ಲಿಗಳ ಜೊತೆ ಹೋಲಿಸಿ ಸಂಶೋಧಕರು ನೋಡಿದರು. ಮಲದ ಕುರುಹಿನ ಬ್ಯಾಕ್ಟೀರಿಯಾ 24 ಗಂಟೆಯ ನಲ್ಲಿಗಳಲ್ಲಿ ಅಪರೂಪ, ಬಿಟ್ಟು ಬರುವ ನಲ್ಲಿಗಳಲ್ಲಿ ಬಹಳ ಜಾಸ್ತಿ ಸಿಕ್ಕಿತು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ನೆನಪಿರಬೇಕಲ್ಲ. ಕಾಲರಾ ಬರಲಿ ಬೇರೇನೇ ಬರಲಿ, ದಾರಿ ಅದೇ.

ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು?

ಒಳ್ಳೆಯ ಪೌಡರ್ ಆದರೆ ಸಾಮಾನ್ಯ ದಿನಗಳಲ್ಲಿ 1,000 ಲೀಟರ್‌ಗೆ ಸುಮಾರು 2.5 ಗ್ರಾಂ. ಅಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಆದರೆ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಯಿ ತೆರೆದಿಟ್ಟ ಚೀಲದ ಪೌಡರ್ ಕೆಲವೇ ವಾರದಲ್ಲಿ ಸತ್ವ ಕಳೆದುಕೊಳ್ಳುತ್ತದೆ. ನೀರು ಕೊಳೆಯಾಗಿದ್ದಷ್ಟೂ ಕ್ಲೋರಿನ್ ಜಾಸ್ತಿ ತಿನ್ನುತ್ತದೆ. ಆದ್ದರಿಂದ ಎಷ್ಟು ಹಾಕಿದಿರಿ ಎನ್ನುವುದಕ್ಕಿಂತ ಕೊನೆಯ ಮನೆಯ ನಲ್ಲಿಯಲ್ಲಿ ಎಷ್ಟು ಉಳಿದಿದೆ ಎನ್ನುವುದೇ ಮುಖ್ಯ. ಸಾಮಾನ್ಯ ದಿನಗಳಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಉಳಿದಿರಬೇಕು. ಕಾಲರಾ ಇರುವಾಗ 0.5. ಆರೋಗ್ಯ ಸಹಾಯಕರ ಬಳಿ ಕ್ಲೋರೋಸ್ಕೋಪ್ ಇರುತ್ತದೆ. ನೀರಿಗೆ ಎರಡು ಹನಿ ದ್ರಾವಣ ಹಾಕಿದರೆ ಬಣ್ಣ ಬರುತ್ತದೆ, ಅದನ್ನು ಜೊತೆಗಿರುವ ಬಣ್ಣದ ಪಟ್ಟಿಗೆ ಹೋಲಿಸಿ ನೋಡಬಹುದು. ಎರಡು ನಿಮಿಷದ ಕೆಲಸ. ಪಂಚಾಯಿತಿಯ ಗೋಡೆಯ ಮೇಲೆ ದಿನಾ ಆ ಅಂಕಿ ಬರೆಯಿರಿ ಎಂದು ನೀವು ಕೇಳಬಹುದು, ಕೇಳಿ.

ಪೌಡರನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಬಕೆಟ್‌ನಲ್ಲಿ ಮೊದಲು ಹಿಟ್ಟಿನ ಹಾಗೆ ಕಲಸಿ, ನೀರು ಸೇರಿಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಹಾಕಬೇಕು. ಬೆರೆಸಿ ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಚರಂಡಿ ಅಂಚಿಗೆ ಬಿಳಿ ಪೌಡರ್ ಚೆಲ್ಲಿ ಫೋಟೋ ತೆಗೆಸಿಕೊಳ್ಳುವುದರಿಂದ ಕಾಲರಾ ನಿಲ್ಲುವುದಿಲ್ಲ. ಆ ಪೌಡರ್ ಟ್ಯಾಂಕಿಗೆ ಸೇರಬೇಕಿತ್ತು.

ಮನೆಯಲ್ಲಿ ನಾವು ಏನು ಮಾಡಬೇಕು?

ನೀರು ಕೊತಕೊತ ಕುದಿಯಲಿ, ಒಂದು ನಿಮಿಷ ಕುದಿದರೆ ಸಾಕು. ಕುದಿಸಿದ ನೀರಿಗೆ ಲೋಟ ಅದ್ದಿ ತೆಗೆದರೆ ಕೈಯ ಕೊಳೆ ಒಳಗೆ ಹೋಗುತ್ತದೆ. ಮುಚ್ಚಳ ಮತ್ತು ನಲ್ಲಿ ಇರುವ ಪಾತ್ರೆ, ಇಲ್ಲವೇ ಉದ್ದ ಹಿಡಿಯ ಸೌಟು ಬಳಸಿ. ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಅಡುಗೆಗೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಮಗುವಿನ ಮಲವೂ ಶೌಚಾಲಯಕ್ಕೇ ಹೋಗಬೇಕು. ಬಿಸಿ ಊಟ ಮಾಡಿ. ಕತ್ತರಿಸಿಟ್ಟ ಹಣ್ಣು, ಹೊರಗಿನ ಐಸು ಕೆಲವು ದಿನ ಬೇಡ.

ಸೀರೆಯಲ್ಲಿ ನೀರು ಸೋಸಿದರೆ ಉಪಯೋಗ ಇದೆಯಾ?

ಇದೆ. ಹೊಳೆ ಕೆರೆಗಳಲ್ಲಿ ಕಾಲರಾ ರೋಗಾಣು ಕಣ್ಣಿಗೆ ಕಾಣದಷ್ಟು ಸಣ್ಣ ಜಲಜೀವಿಗಳಿಗೆ ಅಂಟಿಕೊಂಡಿರುತ್ತದೆ. ಹಳೆಯ ಹತ್ತಿ ಸೀರೆಯನ್ನು ನಾಲ್ಕರಿಂದ ಎಂಟು ಮಡಿಕೆ ಮಾಡಿ ಸೋಸಿದರೆ ಆ ಜೀವಿಗಳು ಬಟ್ಟೆಯಲ್ಲೇ ನಿಲ್ಲುತ್ತವೆ. ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಅವರ ಜೊತೆಗಾರರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿದಿತ್ತು. ಸೌದೆ, ಗ್ಯಾಸು ಯಾವುದೂ ಇಲ್ಲದ ಕಡೆ ಇದು ದೊಡ್ಡ ಆಸರೆ. ಕುದಿಸಲು ಸಾಧ್ಯ ಇದ್ದರೆ ಸೋಸಿ ಕುದಿಸಿ.

ಕಾಲರಾಕ್ಕೆ ಲಸಿಕೆ ಇದೆಯಲ್ಲ, ಎಲ್ಲರಿಗೂ ಹಾಕಿಬಿಟ್ಟರೆ ಮುಗೀತಲ್ವಾ?

ಲಸಿಕೆ ಇದೆ, ಬಾಯಿಗೆ ಹಾಕುವಂಥದ್ದು. ಎರಡು ವಾರದ ಅಂತರದಲ್ಲಿ ಎರಡು ಡೋಸ್ ತಗೊಂಡರೆ ಕನಿಷ್ಠ 3 ವರ್ಷ ರಕ್ಷಣೆ. ಒಂದೇ ಡೋಸ್ ಆದರೆ ಕನಿಷ್ಠ 6 ತಿಂಗಳು. ಹೈಟಿಯಲ್ಲಿ 2012ರಲ್ಲಿ ಸುಮಾರು ಒಂದು ಲಕ್ಷ ಜನರಿಗೆ ಮೊದಲು ಹಾಕಿದ್ದು ನಮ್ಮ ಹೈದರಾಬಾದ್‌ನಲ್ಲಿ ತಯಾರಾದ ಶಾಂಕೋಲ್ ಲಸಿಕೆ.

ತೊಂದರೆ ಎಂದರೆ ಸಾಕಷ್ಟು ಲಸಿಕೆ ಇಲ್ಲ. ತುರ್ತಿಗಾಗಿ 2013ರಿಂದ ಜಾಗತಿಕ ದಾಸ್ತಾನು ಇದೆ. ಒಂದೇ ಹೊತ್ತಿಗೆ ಹಲವು ದೇಶಗಳಲ್ಲಿ ಕಾಲರಾ ಎದ್ದು ದಾಸ್ತಾನು ಸಾಲದೆ, 2022ರ ಅಕ್ಟೋಬರ್‌ನಲ್ಲಿ ಎರಡು ಡೋಸ್ ಬದಲು ಒಂದೇ ಡೋಸ್ ಕೊಡುವ ತೀರ್ಮಾನಕ್ಕೆ ಬರಬೇಕಾಯಿತು. ಹಾಕಿದ ದಿನವೇ ರಕ್ಷಣೆ ಬರುವುದೂ ಇಲ್ಲ, ಒಂದು ವಾರದಷ್ಟು ಬೇಕು. ನನ್ನ ಮಟ್ಟಿಗೆ ಲಸಿಕೆ ಎಂದರೆ ಪೈಪ್ ದುರಸ್ತಿ ಮಾಡಲು ಸಿಗುವ ಸಮಯ. ಆ ಸಮಯದಲ್ಲಿ ಪೈಪ್ ದುರಸ್ತಿ ಮಾಡದಿದ್ದರೆ ಕಾಲರಾ ಮತ್ತೆ ಬಾಗಿಲಿಗೆ ಬರುತ್ತದೆ.

ಊರಿಗೆ ಬೇಲಿ ಹಾಕಿ, ಯಾರನ್ನೂ ಒಳಗೆ ಹೊರಗೆ ಬಿಡದಿದ್ದರೆ?

ಪ್ರಯೋಜನ ಇಲ್ಲ. ಲಕ್ಷಣವೇ ಇಲ್ಲದವರು ಹೇಗೂ ದಾಟಿರುತ್ತಾರೆ. ಬೇಲಿ ಹಾಕಿದರೆ ರೋಗಿಗಳು ಅಡಗುತ್ತಾರೆ. ಅಡಗಿದವರಿಗೆ ಓಆರ್‌ಎಸ್ ತಲುಪುವುದಿಲ್ಲ. ಜಾತ್ರೆ, ಸಾಮೂಹಿಕ ಊಟಗಳನ್ನು ಕೆಲವು ವಾರ ಮುಂದೂಡುವುದು ಬೇರೆ ಮಾತು, ಅದರಿಂದ ಉಪಯೋಗ ಇದೆ.

ಕಾಲರಾ ಎಂದು ಹೇಳಿದರೆ ಊರಿನ ಮಾನ ಹೋಗುತ್ತದೆ. ಬರೀ ಕರುಳುಬೇನೆ ಎಂದರೆ ಸಾಲದಾ?

ಈ ಪ್ರಶ್ನೆ ಕೇಳುವವರ ಸಂಕಟ ಅರ್ಥವಾಗುತ್ತದೆ. ಪೆರುವಿನಲ್ಲಿ 1991ರಲ್ಲಿ ನಿಜ ಹೇಳಿದ್ದಕ್ಕೆ ಅವರ ಮೀನು, ಹಣ್ಣುಗಳನ್ನು ಬೇರೆ ದೇಶಗಳು ನಿಲ್ಲಿಸಿದವು. ಪ್ರವಾಸಿಗಳು ಬರಲಿಲ್ಲ. ಅದನ್ನು ನೋಡಿ ಎಷ್ಟೋ ಸರ್ಕಾರಗಳು ಕಾಲರಾ ಎಂಬ ಹೆಸರನ್ನೇ ಬಾಯಿಗೆ ತರುವುದಿಲ್ಲ. ಆದರೆ ಹೆಸರು ಮುಚ್ಚಿಟ್ಟರೆ ಪಕ್ಕದ ತಾಲ್ಲೂಕು ಎಚ್ಚರಗೊಳ್ಳುವುದಿಲ್ಲ. ರಿಂಗರ್ ಲ್ಯಾಕ್ಟೇಟ್ ತರಿಸುವುದಿಲ್ಲ. ಲಸಿಕೆ ಕೇಳಲೂ ಆಗುವುದಿಲ್ಲ. ಮುಚ್ಚಿಟ್ಟ ಪ್ರತಿ ದಿನಕ್ಕೂ ಜೀವಗಳ ಲೆಕ್ಕ ಇದೆ.

ಸುದ್ದಿ ಸರಿಯಾಗಿ ತಲುಪದ ಕಡೆ ಗುಲ್ಲು ಹಬ್ಬುತ್ತದೆ. ಹೈಟಿಯಲ್ಲಿ 2010ರ ಕೊನೆಗೆ ಕಾಲರಾ ಪುಡಿ ಎರಚುತ್ತಿದ್ದಾರೆ ಎಂಬ ಗುಮಾನಿಯಿಂದ ಜನ 40ಕ್ಕೂ ಹೆಚ್ಚು ಮಂದಿಯನ್ನು ಕೊಂದುಹಾಕಿದರು. ಸತ್ತವರಲ್ಲಿ ಹೆಚ್ಚಿನವರು ಅಲ್ಲಿನ ವೂಡೂ ಪೂಜಾರಿಗಳು. ನಮ್ಮಲ್ಲೂ ಮಾರಿಯ ಸಿಟ್ಟು ಎಂದು ನಂಬುವ ಹಿರಿಯರು ಇರುತ್ತಾರೆ. ಅವರನ್ನು ಜರೆಯಬೇಡಿ. ದೇವಸ್ಥಾನದ ಮೈಕಿನಲ್ಲೇ, ಮಸೀದಿಯ ಮೈಕಿನಲ್ಲೇ ಓಆರ್‌ಎಸ್ ಮಾತು ಹೇಳಿಸಿ. ಊರಿನವರೇ ಹೇಳಿದರೆ ಜನ ಕೇಳುತ್ತಾರೆ.

ಕಾಲರಾದಿಂದ ಸತ್ತವರ ಸಂಸ್ಕಾರ ಹೇಗೆ?

ಮರ್ಯಾದೆಯಿಂದ, ಬೇಗ. ದೇಹ ತೊಳೆಯುವವರ ಕೈಗೆ ರೋಗಾಣು ಅಂಟುತ್ತದೆ. ಅದೇ ಕೈ ಅಡುಗೆಗೆ ಹೋದರೆ ತಿಥಿಗೆ ಬಂದವರಿಗೆಲ್ಲ ರೋಗ. ತರಬೇತಾದವರು ಕೈಗವಸು ಹಾಕಿ ಕ್ಲೋರಿನ್ ದ್ರಾವಣದಲ್ಲಿ ಶುಚಿ ಮಾಡಲಿ, ಮನೆಯವರು ಪಕ್ಕದಲ್ಲೇ ಇರಲಿ. ತಿಥಿಯ ಊಟ ಮುಂದೂಡಿ.

ಶಾಶ್ವತ ಪರಿಹಾರ ಏನು?

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾದಿಂದ ಸುಮಾರು 8,600 ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಆಲ್ಟೊನಾ ಎಂಬ ಪಟ್ಟಣ. ಎರಡೂ ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿದ್ದವು. ಆಲ್ಟೊನಾ ಕೆಳಭಾಗದಲ್ಲಿತ್ತು, ಹ್ಯಾಂಬರ್ಗ್‌ನ ಕೊಳಚೆ ಸೇರಿದ ನೀರು ಅದರ ಪಾಲಿಗೆ. ಆದರೆ ಅವರು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದರು, ಹ್ಯಾಂಬರ್ಗ್ ಸೋಸುತ್ತಿರಲಿಲ್ಲ. ಎರಡೂ ಊರಿನ ಗಡಿಯ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ಸಾವು, ಎದುರು ಬದಿಯಲ್ಲಿ ಇಲ್ಲ. ಗಾಳಿ ಒಂದೇ, ಬೀದಿ ಒಂದೇ, ನೀರಿನ ಪೈಪ್ ಮಾತ್ರ ಬೇರೆ.

ಸೋಸಿದ, ಕ್ಲೋರಿನ್ ಹಾಕಿದ ನೀರು ದಿನವಿಡೀ ಒತ್ತಡದಲ್ಲಿ ಬರಬೇಕು. ಒಳಚರಂಡಿ ನೀರಿನ ಪೈಪಿನಿಂದ ದೂರ ಇರಬೇಕು. ಮಲದ ಗುಂಡಿಯನ್ನು ತುಂಬುವ ಮೊದಲೇ ಯಂತ್ರದಿಂದ ತೆಗೆಸಬೇಕು, ತೆಗೆದದ್ದು ಕೆರೆಗೆ ಹೋಗಬಾರದು. ಖರ್ಚು ಇದೆ, ವರ್ಷಗಳು ಬೇಕು. ಬಜೆಟ್ ಸಭೆಯಲ್ಲಿ ರಸ್ತೆಗೆ ಎದ್ದಷ್ಟು ದನಿ ಪೈಪಿಗೆ ಏಳುವುದಿಲ್ಲ. ಏಳಬೇಕು.

ನಮ್ಮ ಬೀದಿಯಲ್ಲಿ ಇವತ್ತೇ ಮೂರು ಜನರಿಗೆ ನೀರಿನಂಥ ಭೇದಿ. ಈಗ ಏನು ಮಾಡಲಿ?

ಮೊದಲು ಮೂವರಿಗೂ ಓಆರ್‌ಎಸ್ ಶುರುಮಾಡಿ. ಮಂಪರು ಇದ್ದವರಿಗೆ 108ಕ್ಕೆ ಫೋನ್ ಮಾಡಿ. ಆಮೇಲೆ ಆಶಾ ಅಕ್ಕನಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅವರು ಸಿಗದಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ. ನೀರುಗಂಟಿಗೆ ಹೇಳಿ ಆ ಬೀದಿಯ ವಾಲ್ವ್ ನಿಲ್ಲಿಸಿ, ಟ್ಯಾಂಕರ್ ತರಿಸಲು ಪಂಚಾಯಿತಿಗೋ ನಗರಸಭೆಗೋ ತಿಳಿಸಿ. ಆ ನಲ್ಲಿಯ ನೀರನ್ನು ಒಂದು ಶುದ್ಧ ಬಾಟಲಿಯಲ್ಲಿ ಹಿಡಿದಿಡಿ, ಪರೀಕ್ಷೆಗೆ ಬೇಕಾಗಬಹುದು. ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಮೂವರ ಹೆಸರು, ಮನೆ, ಭೇದಿ ಶುರುವಾದ ಹೊತ್ತು, ಕುಡಿದ ನೀರು ಎಲ್ಲಿಯದು ಎಂದು ಬರೆದಿಡಿ. ರಾತ್ರಿ ನಾಲ್ಕನೆಯವರು ಬಿದ್ದರೆ ಅದರ ಕೆಳಗೇ ಸೇರಿಸಿ, ಬೆಳಿಗ್ಗೆ ಆರೋಗ್ಯ ತಂಡ ಬಂದ ಕೂಡಲೇ ಆ ಪುಟವನ್ನು ಅವರ ಕೈಗೆ ಕೊಡಿ.